ಕೀ ಒತ್ತಿದ್ದು ನಾನು, ಕೇಳಿಸಿಕೊಂಡಿದ್ದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕೀಬೋರ್ಡ್ ಬಗ್ಗೆ ಒಂದು ಸಂಚಿಕೆ ಮಾಡಿ ಅಂತ ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯಿಂದ ಕೆಲವರು ಕೇಳ್ತಾನೇ ಇದ್ರು. ಬಿ.ಕಾಂ. ಓದ್ತಿರೋರು, ಡಿಟಿಪಿ ಅಂಗಡಿಯಲ್ಲಿ ಕೂರೋರು, ಈಗಷ್ಟೇ ಕೆಲಸಕ್ಕೆ ಸೇರಿದೋರು. ಎಲ್ಲರದ್ದೂ ಒಂದೇ ಮಾತು: ‘ಒಂದು ನೂರು ಶಾರ್ಟ್‌ಕಟ್ ಪಟ್ಟಿ ಕೊಟ್ಬಿಡಿ, ಬಾಯಿಪಾಠ ಮಾಡ್ಕೋತೀವಿ.’ ಪಟ್ಟಿ ಕೊಡಲ್ಲ. ಬಾಯಿಪಾಠ ಮಾಡಿದ ಶಾರ್ಟ್‌ಕಟ್‌ನಿಂದಲೇ ನಾನು ಒಂದು ಇಡೀ ದಿನದ ಕೆಲಸ ಕಳ್ಕೊಂಡಿದೀನಿ. ಅದನ್ನೇ ಮೊದಲು ಹೇಳ್ತೀನಿ.

ಡಿಗ್ರಿ ಮುಗಿಸಿ ಹಾಸನದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೆ ಸೇರಿದ್ದೆ. ಬೆಳಗ್ಗೆಯಿಂದ ಸಂಜೆವರೆಗೆ ಟ್ಯಾಲಿ. ಟ್ಯಾಲಿ ಬೆಂಗಳೂರಿನ ಕಂಪನಿಯದ್ದು, 1986ರಲ್ಲಿ ಶುರುವಾಗಿದ್ದು. ನಮ್ಮ ಕಡೆ ಕಾಮರ್ಸ್ ಓದಿದವರಿಗೆ ಅದು ಎರಡನೇ ಮಾತೃಭಾಷೆ ಇದ್ದ ಹಾಗೆ. ಟ್ಯಾಲಿಯಲ್ಲಿ ಮೌಸ್ ಮುಟ್ಟಿದರೆ ಹಿರಿಯರು ಒಂಥರಾ ನೋಡ್ತಾರೆ. ಎಫ್ 5 ಒತ್ತಿದರೆ ಪೇಮೆಂಟ್, ಎಫ್ 6 ರಸೀದಿ, ಎಫ್ 7 ಜರ್ನಲ್, ಎಫ್ 8 ಮಾರಾಟ, ಎಫ್ 9 ಖರೀದಿ. ವೋಚರ್ ತುಂಬಿದ ಮೇಲೆ ಕಂಟ್ರೋಲ್ ಎ ಒತ್ತಿದರೆ ‘ಒಪ್ಪಿದೆ, ಉಳಿಸಿಕೋ’ ಅಂತ ಅರ್ಥ. ದಿನಕ್ಕೆ ಎಷ್ಟು ಸಲ ಕಂಟ್ರೋಲ್ ಎ ಒತ್ತಿರಬಹುದು ಲೆಕ್ಕ ಇಟ್ಟಿಲ್ಲ. ಬೆರಳಿಗೆ ಬುದ್ಧಿ ಬಂದಿತ್ತು, ತಲೆ ಬೇಕಿರಲಿಲ್ಲ.

ಒಂದು ಪತ್ತಿನ ಸಹಕಾರ ಸಂಘ ನಮ್ಮ ಆಫೀಸಿನ ಕಕ್ಷಿದಾರ. ಅದರ ವಾರ್ಷಿಕ ಮಹಾಸಭೆಯ ನೋಟಿಸನ್ನು ಕನ್ನಡದಲ್ಲಿ ಟೈಪ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಲ್ಲಿ ಸದಸ್ಯರು. ನೋಟಿಸು, ಕಾರ್ಯಸೂಚಿ, ಲೆಕ್ಕಪತ್ರದ ಸಾರಾಂಶ, ಎಲ್ಲಾ ಸೇರಿ ಆರು ಪುಟ. ಮರುದಿನ ಅಂಚೆಗೆ ಹಾಕಬೇಕು. ವರ್ಡ್‌ನಲ್ಲಿ ಕೂತು ಇಡೀ ದಿನ ಹೊಡೆದೆ. ಸಂಜೆ ಕೊನೆ ಸಾಲು ಮುಗೀತು. ಬೆರಳು ತಾನಾಗೇ ಕಂಟ್ರೋಲ್ ಎ ಒತ್ತಿತು, ಹಿಂದೆಯೇ ಎಂಟರ್ ಕೂಡ.

ವರ್ಡ್‌ನಲ್ಲಿ ಕಂಟ್ರೋಲ್ ಎ ಅಂದರೆ ‘ಎಲ್ಲವನ್ನೂ ಆಯ್ಕೆ ಮಾಡು’. ಎಲ್ಲಾ ಆಯ್ಕೆ ಆಗಿರುವಾಗ ಯಾವ ಕೀ ಒತ್ತಿದರೂ, ಆಯ್ಕೆ ಆಗಿದ್ದೆಲ್ಲಾ ಹೋಗಿ ಆ ಕೀ ಕೊಟ್ಟದ್ದು ಮಾತ್ರ ಉಳಿಯುತ್ತೆ. ನನ್ನ ಆರು ಪುಟದ ಜಾಗದಲ್ಲಿ ಒಂದು ಖಾಲಿ ಸಾಲು ಉಳೀತು. ಗಾಬರಿಯಲ್ಲಿ ಮಾಡಿದ್ದು ಇನ್ನೂ ದೊಡ್ಡ ತಪ್ಪು: ಕಂಟ್ರೋಲ್ ಎಸ್ ಒತ್ತಿ, ಫೈಲ್ ಮುಚ್ಚಿ, ಮತ್ತೆ ತೆಗೆದು ನೋಡಿದೆ. ಖಾಲಿ ಹಾಳೆಯನ್ನೇ ಜೋಪಾನವಾಗಿ ಉಳಿಸಿಟ್ಟಿದ್ದೆ. ಮುಚ್ಚೋ ಮೊದಲು ಕಂಟ್ರೋಲ್ ಜೆಡ್ ಒಂದು ಸಲ ಒತ್ತಿದ್ದರೆ ಎಲ್ಲಾ ವಾಪಸ್ ಬರ್ತಿತ್ತು. ವರ್ಡ್‌ನಲ್ಲಿ ಸೇವ್ ಮಾಡಿದ ಮೇಲೂ ಹಿಂದಕ್ಕೆ ಹೋಗಬಹುದು. ಫೈಲ್ ಮುಚ್ಚಿದ ಮೇಲೆ ಮಾತ್ರ ಆ ದಾರಿ ಮುಚ್ಚಿಹೋಗುತ್ತೆ. ಇದು ಆಮೇಲೆ ತಿಳೀತು. ಆ ರಾತ್ರಿ ಮಾತ್ರ ಕೂತು ಮತ್ತೆ ಹೊಡೆದೆ.

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಈ ಸಂಚಿಕೆಯ ವಿಷಯ ಇಷ್ಟೇ: ಕೀಗೆ ಸ್ವಂತ ಅರ್ಥ ಇಲ್ಲ. ಅದನ್ನ ಯಾರು ಕೇಳಿಸಿಕೊಳ್ತಾರೋ ಅವರು ಅರ್ಥ ಕೊಡ್ತಾರೆ.

ಕೀಬೋರ್ಡ್ ಒಳಗೆ ಏನಾಗುತ್ತೆ ನೋಡಿ. ನೀವು ‘ಕೆ’ ಒತ್ತಿದಾಗ ಕಂಪ್ಯೂಟರ್‌ಗೆ ಕೆ ಅಕ್ಷರ ಹೋಗಲ್ಲ. ಇಂಥ ಜಾಗದ ಕೀ ಕೆಳಗೆ ಹೋಯ್ತು ಅಂತ ಒಂದು ಸಂಖ್ಯೆ ಹೋಗುತ್ತೆ. ಬೆರಳು ತೆಗೆದಾಗ, ಆ ಕೀ ಮೇಲೆ ಬಂತು ಅಂತ ಇನ್ನೊಂದು ಸುದ್ದಿ. ಅಷ್ಟೇ. ಅದನ್ನ ಇಂಗ್ಲಿಷ್ ಕೆ ಅಂತ ಓದಬೇಕೋ, ಕನ್ನಡದ ಕ ಅಂತ ಓದಬೇಕೋ ಅನ್ನೋದು ವಿಂಡೋಸ್‌ನಲ್ಲಿ ಆಗ ಯಾವ ವಿನ್ಯಾಸ ಆನ್ ಆಗಿದೆ ಅನ್ನೋದರ ಮೇಲೆ ನಿಂತಿರುತ್ತೆ. ಶಿಫ್ಟ್, ಕಂಟ್ರೋಲ್, ಆಲ್ಟ್ ಇವೂ ಹಾಗೇ. ಅವು ತಾವಾಗಿ ಏನೂ ಬರೆಯಲ್ಲ. ‘ನನ್ನನ್ನ ಒತ್ತಿ ಹಿಡಿದಿದಾರೆ, ಮುಂದೆ ಬರೋ ಕೀಯನ್ನ ಬೇರೆ ಥರ ಓದು’ ಅಂತ ಸೂಚನೆ ಕೊಡ್ತವೆ. ಶಿಫ್ಟ್ ಅನ್ನೋ ಹೆಸರು ಬಂದಿದ್ದು ಟೈಪ್‌ರೈಟರ್‌ನಿಂದ. 1878ರ ರೆಮಿಂಗ್ಟನ್ 2 ಯಂತ್ರದಲ್ಲಿ ಆ ಕೀ ಒತ್ತಿದರೆ ನಿಜವಾಗಿಯೂ ಒಂದು ಭಾಗ ಜರುಗುತ್ತಿತ್ತು. ಒಂದೇ ಕಡ್ಡಿಯ ಮೇಲೆ ಸಣ್ಣ ಅಕ್ಷರ, ದೊಡ್ಡ ಅಕ್ಷರ ಎರಡೂ ಇದ್ದು, ಯಾವುದು ಕಾಗದಕ್ಕೆ ಬಡೀಬೇಕು ಅನ್ನೋದನ್ನ ಆ ಜರುಗಾಟ ತೀರ್ಮಾನ ಮಾಡ್ತಿತ್ತು. ಈಗ ಯಾವುದೂ ಜರುಗಲ್ಲ, ಹೆಸರು ಮಾತ್ರ ಉಳಿದಿದೆ.

ಅದಕ್ಕೇ ಎಫ್ 5 ಅನ್ನೋ ಒಂದೇ ಕೀ ಟ್ಯಾಲಿಯಲ್ಲಿ ಪೇಮೆಂಟ್ ವೋಚರ್, ಬ್ರೌಸರ್‌ನಲ್ಲಿ ಪುಟವನ್ನ ಮತ್ತೆ ಲೋಡ್ ಮಾಡೋದು, ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಪ್ರದರ್ಶನ, ಎಕ್ಸೆಲ್‌ನಲ್ಲಿ ಯಾವ ಸೆಲ್‌ಗೆ ಹೋಗಬೇಕು ಅಂತ ಕೇಳೋ ಕಿಟಕಿ. ಆನ್‌ಲೈನ್ ಅರ್ಜಿ ತುಂಬುವಾಗ ಟ್ಯಾಲಿ ಅಭ್ಯಾಸದಲ್ಲಿ ಎಫ್ 5 ಒತ್ತಿ, ತುಂಬಿದ್ದೆಲ್ಲಾ ಹೋಯ್ತು ಅಂತ ಒದ್ದಾಡಿದವರು ನನ್ನ ಬ್ಯಾಚಲ್ಲೇ ಇದಾರೆ. ಲ್ಯಾಪ್‌ಟಾಪ್‌ನಲ್ಲಂತೂ ಅದೇ ಕೀ ಬೆಳಕು ಕಡಿಮೆ ಮಾಡಿದರೂ ಮಾಡಬಹುದು, ಅಲ್ಲಿ ಎಫ್ಎನ್ ಅನ್ನೋ ಇನ್ನೊಬ್ಬ ದೊಣೆನಾಯಕ ಮಧ್ಯೆ ಕೂತಿರ್ತಾನೆ.

ನನ್ನ ಈ ಅವಘಡಕ್ಕೆ ಒಬ್ಬ ಹಿರಿಯಣ್ಣ ಇದಾನೆ ಅಂತ ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನ ಆಯ್ತು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬ್ರಾವೊ ಅನ್ನೋ ಬರವಣಿಗೆಯ ತಂತ್ರಾಂಶ ಇತ್ತು. ಅದಕ್ಕೆ ಎರಡು ಸ್ಥಿತಿ: ಒಂದರಲ್ಲಿ ಕೀ ಒತ್ತಿದರೆ ಅಕ್ಷರ ಮೂಡುತ್ತೆ, ಇನ್ನೊಂದರಲ್ಲಿ ಅದೇ ಕೀ ಆಜ್ಞೆ ಆಗುತ್ತೆ. ಅಕ್ಷರದ ಸ್ಥಿತಿಯಲ್ಲಿದೀನಿ ಅಂದ್ಕೊಂಡು ‘ಎಡಿಟ್’ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದರೆ ಏನಾಗ್ತಿತ್ತು ಗೊತ್ತಾ? ಇ ಅಂದರೆ ಎಲ್ಲಾ ಆಯ್ಕೆ ಮಾಡು, ಡಿ ಅಂದರೆ ಅಳಿಸು, ಐ ಅಂದರೆ ಇಲ್ಲಿಂದ ಅಕ್ಷರ ಸೇರಿಸು. ಕೊನೆಗೆ ಇಡೀ ಕಡತ ಹೋಗಿ ‘ಟಿ’ ಅನ್ನೋ ಒಂದೇ ಅಕ್ಷರ ಉಳೀತಿತ್ತು. ಅಲ್ಲೇ ಕೆಲಸ ಮಾಡ್ತಿದ್ದ ಲ್ಯಾರಿ ಟೆಸ್ಲರ್‌ಗೆ ಈ ಸ್ಥಿತಿ ಬದಲಾವಣೆಗಳನ್ನ ಕಂಡರೆ ಆಗ್ತಿರಲಿಲ್ಲ. ಕಟ್, ಕಾಪಿ, ಪೇಸ್ಟ್ ಇವತ್ತಿನ ರೂಪಕ್ಕೆ ಬಂದಿದ್ದರಲ್ಲಿ ಅವರ ಕೈ ದೊಡ್ಡದು. ಕಾರಿನ ನಂಬರ್ ಪ್ಲೇಟಲ್ಲೂ ‘ನೋ ಮೋಡ್ಸ್’ ಅಂತ ಹಾಕಿಸಿಕೊಂಡಿದ್ದರು. 2020ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಆದರೆ ಕನ್ನಡದಲ್ಲಿ ಟೈಪ್ ಮಾಡೋರಿಗೆ ಈ ಸ್ಥಿತಿ ಬದಲಾವಣೆಯಿಂದ ಬಿಡುಗಡೆ ಇಲ್ಲ. ಒಂದು ಸ್ಥಿತಿ ಇಂಗ್ಲಿಷ್, ಒಂದು ಸ್ಥಿತಿ ಕನ್ನಡ. ಕನ್ನಡದಲ್ಲೂ ಯಾವ ಕನ್ನಡ?

ನಮ್ಮಲ್ಲಿ ಹೆಚ್ಚು ಬಳಕೆ ಇರೋದು ಕೆ.ಪಿ. ರಾವ್ ವಿನ್ಯಾಸ. ಮಂಗಳೂರು ಹತ್ತಿರದ ಕಿನ್ನಿಕಂಬಳದವರು ಕೆ.ಪಿ. ರಾವ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಳಸೋದು ಇದನ್ನೇ ಆಧರಿಸಿದ ವಿನ್ಯಾಸ. ಅದರ ಜಾಣತನ ತಿಳೀಬೇಕಾದ್ರೆ ನಮ್ಮ ನಾಲ್ಕು ಊರಿನ ಹೆಸರನ್ನೇ ಹೊಡೆದು ನೋಡೋಣ.

ಹಾಸನ. ಎಚ್, ಶಿಫ್ಟ್ ಹಿಡಿದು ಎ, ಎಸ್, ಎನ್. ನಾಲ್ಕೇ ಪೆಟ್ಟು. ಇಂಗ್ಲಿಷಲ್ಲಿ ಬರೆಯೋ ಹಾಗೆ ಎಸ್ ಆದ ಮೇಲೆ ಎ ಹಾಕಬೇಕಿಲ್ಲ, ಯಾಕಂದ್ರೆ ಸ ಅನ್ನೋದರಲ್ಲೇ ಅ ಇದೆ. ಸ್ವರದ ಕೀಯನ್ನ ವ್ಯಂಜನ ಆದ ಮೇಲೆ ಒತ್ತಿದರೆ ಅದು ತಾನಾಗೇ ಗುಣಿತದ ಚಿಹ್ನೆ ಆಗುತ್ತೆ. ಪದದ ಶುರುವಿಗೆ ಒತ್ತಿದರೆ ಪೂರ್ತಿ ಸ್ವರ. ಒಂದೇ ಕೀ, ಹಿಂದೆ ಏನಿತ್ತು ಅಂತ ನೋಡಿ ಕೆಲಸ ಬದಲಾಯಿಸುತ್ತೆ.

ಹೊಳೆನರಸೀಪುರ ಹನ್ನೊಂದು ಪೆಟ್ಟು. ಅದರಲ್ಲಿ ಎರಡು ಕಡೆ ಶಿಫ್ಟ್ ಬೇಕು: ಳ ಬರೋಕೆ ಎಲ್ ಜೊತೆ, ಸೀ ದೀರ್ಘ ಆಗೋಕೆ ಐ ಜೊತೆ. ಶಿಫ್ಟ್ ಇಲ್ಲಿ ದೊಡ್ಡ ಅಕ್ಷರಕ್ಕಲ್ಲ. ಕನ್ನಡಕ್ಕೆ ದೊಡ್ಡ ಅಕ್ಷರ ಸಣ್ಣ ಅಕ್ಷರ ಅಂತಿಲ್ವಲ್ಲ, ಆ ಖಾಲಿ ಜಾಗವನ್ನ ದೀರ್ಘಕ್ಕೂ ಮಹಾಪ್ರಾಣಕ್ಕೂ ಬಳಸಿಕೊಂಡಿದಾರೆ. ಕೆ ಅಂದರೆ ಕ, ಶಿಫ್ಟ್ ಕೆ ಅಂದರೆ ಖ. ಹಾಗಾಗಿ ಕ್ಯಾಪ್ಸ್ ಲಾಕ್ ಬಿದ್ದಿದ್ದರೆ ಕನ್ನಡ ಪೂರ್ತಿ ಕೆಡುತ್ತೆ, ಅಕ್ಷರಗಳೇ ಬೇರೆ ಆಗಿಬಿಡ್ತವೆ.

ಚನ್ನರಾಯಪಟ್ಟಣದಲ್ಲಿ ನಿಜವಾದ ವಿಶೇಷ ಕೀ ಬರುತ್ತೆ: ಎಫ್. ಇಂಗ್ಲಿಷಿನ ಆ ಅಕ್ಷರಕ್ಕೆ ಕನ್ನಡದಲ್ಲಿ ಕೆಲಸ ಇಲ್ಲ, ಅದಕ್ಕೇ ಅದನ್ನ ಕೊಂಡಿ ಮಾಡಿದಾರೆ. ಎನ್, ಎಫ್, ಎನ್ ಅಂದರೆ ನ್ನ. ಟ ಇರೋದು ಕ್ಯೂ ಕೀಯಲ್ಲಿ, ಹಾಗಾಗಿ ಕ್ಯೂ, ಎಫ್, ಕ್ಯೂ ಅಂದರೆ ಟ್ಟ. ಎಫ್ ಮಾಡೋದು ಒಂದೇ ಕೆಲಸ, ಹಿಂದಿನ ಅಕ್ಷರದಲ್ಲಿರೋ ಅ ಕಾರವನ್ನ ತೆಗೆಯೋದು. ತೆಗೆದ ಮೇಲೆ ಇನ್ನೊಂದು ವ್ಯಂಜನ ಬಂದರೆ ಅದು ಒತ್ತಕ್ಷರ ಆಗಿ ಕೆಳಗೆ ಕೂರುತ್ತೆ. ಏನೂ ಬರದಿದ್ದರೆ ನ್ ಅಂತ ಹಾಗೇ ನಿಲ್ಲುತ್ತೆ. ಒಟ್ಟು ಹನ್ನೆರಡು ಪೆಟ್ಟು. ಇಂಗ್ಲಿಷ್ ಕಾಗುಣಿತದ ದಾರಿಯಲ್ಲಿ, ಅಂದರೆ ಬರಹ ತಂತ್ರಾಂಶದ ಥರ ಪ್ರತಿ ಅ ಕಾರಕ್ಕೂ ಎ ಒತ್ತುತ್ತಾ ಹೋದರೆ ಇದೇ ಹೆಸರಿಗೆ ಹದಿನಾರು ಬೇಕು. ದಿನಕ್ಕೆ ಇಪ್ಪತ್ತು ಪುಟ ಹೊಡೆಯೋರಿಗೆ ಈ ನಾಲ್ಕು ಪೆಟ್ಟಿನ ಬೆಲೆ ಗೊತ್ತು.

ಅರಕಲಗೂಡನ್ನ ಕೊನೆಗೆ ಇಟ್ಟಿದೀನಿ, ಕಾರಣ ಇದೆ. ಈ ಊರನ್ನ ಎರಡು ಥರ ಬರೀತಾರೆ. ಅರಕಲಗೂಡು, ಎಂಟು ಪೆಟ್ಟು. ಅರ್ಕಲಗೂಡು, ಒಂಬತ್ತು ಪೆಟ್ಟು. ಮಧ್ಯೆ ಸೇರೋದು ಅದೇ ಎಫ್. ಊರಲ್ಲಿ ಅರ್ಕೇಶ್ವರ ದೇವಸ್ಥಾನ ಇದೆ. ಅರ್ಕ ಅಂದರೆ ಸೂರ್ಯ. ಬರೆಯುವಾಗ ಅರ್ಕಾವತ್ತನ್ನ ಕ ಆದ ಮೇಲೆ, ಬಲಗಡೆ ಹಾಕ್ತೀವಿ. ಹಾಗಾಗಿ ಹೊಸಬರು ಮೊದಲು ಕ ಒತ್ತಿ, ಆಮೇಲೆ ಅರ್ಕಾವತ್ತಿನ ಕೀ ಎಲ್ಲಿದೆ ಅಂತ ಹುಡುಕ್ತಾ ಕೂರ್ತಾರೆ. ಕಂಪ್ಯೂಟರ್‌ಗೆ ಕೈಬರಹದ ಕ್ರಮ ಬೇಡ, ಬಾಯಿಯ ಕ್ರಮ ಬೇಕು. ಮೊದಲು ರ್ ಅಂತೀರಿ, ಆಮೇಲೆ ಕ ಅಂತೀರಿ. ಅದೇ ಕ್ರಮದಲ್ಲಿ ಆರ್, ಎಫ್, ಕೆ ಒತ್ತಿದರೆ ಸಾಕು. ಆಕಾರವನ್ನ ಎತ್ತಿ ಬಲಗಡೆ ಕೂರಿಸೋ ಕೆಲಸ ಫಾಂಟ್‌ನದ್ದು.

ಇನ್ನೊಂದು ವಿನ್ಯಾಸ ಇನ್‌ಸ್ಕ್ರಿಪ್ಟ್. ವಿಂಡೋಸ್‌ನಲ್ಲಿ ಸುಮ್ಮನೆ ‘ಕನ್ನಡ’ ಅಂತ ಸೇರಿಸಿದರೆ ಸಾಮಾನ್ಯವಾಗಿ ಬರೋದು ಇದೇ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಭಾರತದ ಬೇರೆ ಲಿಪಿಗಳಿಗೂ ಹೆಚ್ಚುಕಮ್ಮಿ ಅದೇ ಜಾಗ, ಅಂದರೆ ಇಲ್ಲಿ ಕಲಿತ ಬೆರಳು ತೆಲುಗು, ಮಲಯಾಳಕ್ಕೂ ನಡೆಯುತ್ತೆ. ಒಳ್ಳೇದೇ. ಆದರೆ ನುಡಿ ಕಲಿತವರು ಇಲ್ಲಿ ಹಾಸನ ಅಂತ ಹೊಡೆಯೋಕೆ ಎಚ್ ಒತ್ತಿದರೆ ಪ ಬರುತ್ತೆ. ಇಲ್ಲಿ ಹ ಇರೋದು ಯು ಕೀಯಲ್ಲಿ, ಹಲಂತ ಅಂದರೆ ಆ ಕೊಂಡಿ ಇರೋದು ಡಿ ಕೀಯಲ್ಲಿ. ‘ಕೀಬೋರ್ಡ್ ಕೆಟ್ಟಿದೆ’ ಅಂತ ಅಂಗಡಿಗೆ ಹೊತ್ಕೊಂಡು ಹೋಗೋ ಮೊದಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿ. ಯಾವ ವಿನ್ಯಾಸ ಆನ್ ಇದೆ ಅಂತ ತೋರಿಸುತ್ತೆ, ಅಲ್ಲೇ ಬದಲಾಯಿಸಬಹುದು.

ನುಡಿಯಲ್ಲಿ ಇಂಗ್ಲಿಷ್, ಕನ್ನಡ ಬದಲಾಯಿಸೋಕೆ ಬಳಸೋದು ಸ್ಕ್ರೋಲ್ ಲಾಕ್. ಪಾಪ, ಯಾರೂ ಮುಟ್ಟದ ಕೀ ಅಂತ ಅದಕ್ಕೆ ಈ ಕೆಲಸ ಕೊಟ್ಟಿರಬೇಕು. ಇದರಲ್ಲಿ ಎರಡು ತೊಡಕು. ಒಂದು, ಈಗಿನ ಎಷ್ಟೋ ಲ್ಯಾಪ್‌ಟಾಪ್‌ನಲ್ಲಿ ಆ ಕೀನೇ ಇಲ್ಲ. ಅದಕ್ಕೆ ಉಪಾಯ: ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ, ಪರದೆ ಮೇಲೆ ಕೀಬೋರ್ಡ್ ಬರುತ್ತೆ, ಅದರಲ್ಲಿ ಸ್ಕ್ರೋಲ್ ಲಾಕ್ ಸಿಗುತ್ತೆ. ಎರಡನೆಯದು, ಎಕ್ಸೆಲ್ ಕೂಡ ಅದೇ ಕೀಯನ್ನ ಕೇಳಿಸಿಕೊಳ್ಳುತ್ತೆ. ಸ್ಕ್ರೋಲ್ ಲಾಕ್ ಆನ್ ಇದ್ದಾಗ ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದರೆ ಪಕ್ಕದ ಸೆಲ್‌ಗೆ ಹೋಗಲ್ಲ, ಹಾಳೆಯೇ ಜರುಗಿಬಿಡುತ್ತೆ. ಕನ್ನಡದಲ್ಲಿ ಹೆಸರು ತುಂಬೋಕೆ ಕೂತಾಗ ಇದು ಯಾವುದೋ ವೈರಸ್ ಅಂತಲೇ ನಾನು ನಂಬಿದ್ದೆ.

ಹೆಸರು ತುಂಬೋದು ಅಂದೆನಲ್ಲ, ಆ ಸಂಘದ ಕಥೆ ಇನ್ನೂ ಬಾಕಿ ಇದೆ. ನೋಟಿಸು ರಾತ್ರಿ ಮತ್ತೆ ಹೊಡೆದಾಯ್ತು. ಬೆಳಗ್ಗೆ ಸದಸ್ಯರ ಪಟ್ಟಿಯಿಂದ ತಾಲ್ಲೂಕುವಾರು ವಿಳಾಸ ತೆಗೀಬೇಕು. ಎಕ್ಸೆಲ್ ತೆಗೆದು ಕಂಟ್ರೋಲ್ ಎಫ್ ಒತ್ತಿ ‘ಅರಕಲಗೂಡು’ ಅಂತ ಹುಡುಕಿದೆ. ಬಂದ ಸಾಲುಗಳನ್ನೆಲ್ಲಾ ಲಕೋಟೆಗೆ ಹಾಕಿದೆ. ಆದರೆ ಪಟ್ಟಿಯನ್ನ ಬೇರೆ ಬೇರೆ ವರ್ಷ ಬೇರೆ ಬೇರೆಯವರು ಟೈಪ್ ಮಾಡಿದ್ದರು. ಕೆಲವು ಕಡೆ ಅರ್ಕಲಗೂಡು ಅಂತ ಇತ್ತು. ಮನುಷ್ಯರಿಗೆ ಅದು ಒಂದೇ ಊರು. ಕಂಟ್ರೋಲ್ ಎಫ್‌ಗೆ ಎರಡು. ಅಷ್ಟೂ ಜನಕ್ಕೆ ನೋಟಿಸ್ ಹೋಗಲಿಲ್ಲ. ಮಹಾಸಭೆಯ ದಿನ ಒಬ್ಬರು ಹಿರಿಯರು ಯಾರಿಂದಲೋ ಸುದ್ದಿ ತಿಳಿದು ಬಂದು ನಿಂತರು. ‘ಷೇರು ಹಣ ತಗೊಳ್ಳುವಾಗ ನಾನು ಸದಸ್ಯ, ಸಭೆ ಕರೆಯುವಾಗ ಅಲ್ವಾ?’ ಅಂದರು. ಆ ಪ್ರಶ್ನೆಗೆ ಕಾರ್ಯದರ್ಶಿ ಉತ್ತರ ಕೊಡಬೇಕಾಯ್ತು, ತಪ್ಪು ನನ್ನದು.

ಇದು ಅರಕಲಗೂಡಿನ ಕಷ್ಟ ಮಾತ್ರ ಅಲ್ಲ. ಚನ್ನರಾಯಪಟ್ಟಣ ಅಂತಲೂ ಬರೀತಾರೆ, ಚೆನ್ನರಾಯಪಟ್ಟಣ ಅಂತಲೂ ಬರೀತಾರೆ. ಹೊಳೆನರಸೀಪುರದಲ್ಲಿ ಸೀ ದೀರ್ಘವೋ ಸಿ ಹ್ರಸ್ವವೋ ಅಂತ ಬೋರ್ಡಿಗೊಂದು ಥರ. ಇದಕ್ಕೆ ನಾನು ಕಲಿತ ದಾರಿ, ಹುಡುಕುವಾಗ ಪೂರ್ತಿ ಹೆಸರು ಹಾಕಬಾರದು. ಎಲ್ಲರೂ ಒಂದೇ ಥರ ಬರೆಯೋ ತುಂಡನ್ನ ಮಾತ್ರ ಹಾಕಬೇಕು. ‘ಲಗೂಡು’ ಅಂತ ಹುಡುಕಿದರೆ ಎರಡೂ ಅರಕಲಗೂಡು ಸಿಗ್ತವೆ. ‘ರಾಯಪಟ್ಟಣ’ ಅಂದರೆ ಚ, ಚೆ ಎರಡೂ ಸಿಗ್ತವೆ. ಎಕ್ಸೆಲ್‌ನಲ್ಲಿ ನಕ್ಷತ್ರದ ಗುರುತಿಗೆ ‘ಇಲ್ಲಿ ಏನಿದ್ದರೂ ಪರವಾಗಿಲ್ಲ’ ಅಂತ ಅರ್ಥ, ಹಾಗಾಗಿ ‘ಹೊಳೆನರ*ಪುರ’ ಅಂತ ಕೊಟ್ಟರೆ ಹ್ರಸ್ವ ದೀರ್ಘದ ಜಗಳವೇ ಇಲ್ಲ. ಸಿಕ್ಕಿದ ಮೇಲೆ ಕಂಟ್ರೋಲ್ ಎಚ್ ಒತ್ತಿ ಎಲ್ಲವನ್ನೂ ಒಂದೇ ರೂಪಕ್ಕೆ ತರಬಹುದು. ಅದಕ್ಕೂ ಮೊದಲು ಫೈಲ್‌ನ ಒಂದು ನಕಲು ಇಟ್ಕೊಳ್ಳಿ, ಇದನ್ನ ನಾನು ಹೇಳಬೇಕಾ?

ಹಳೇ ನುಡಿ ಫಾಂಟಲ್ಲಿ ಹೊಡೆದ ಪಟ್ಟಿ ಆದರೆ ಕಷ್ಟ ಬೇರೆ. ಅಲ್ಲಿ ಒಳಗಿರೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಅಂಗಿ ಹಾಕಿರ್ತಾರೆ. ಕಂಟ್ರೋಲ್ ಸಿ ಮಾಡಿ ವಾಟ್ಸಾಪ್‌ಗೆ ಅಂಟಿಸಿದ ಕೂಡಲೇ ಅಂಗಿ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಕಾಣ್ತವೆ. ಯುನಿಕೋಡ್‌ಗೆ ಪರಿವರ್ತನೆ ಮಾಡದೆ ಹುಡುಕೋದು ವ್ಯರ್ಥ.

ಸರಿ, ಹಾಗಾದರೆ ಯಾವ ಕೀ ಕಲೀಬೇಕು? ನನ್ನ ಪ್ರಕಾರ ಮೊದಲು ಕಲಿಯಬೇಕಾದ್ದು ಕಾಪಾಡೋ ಕೀಗಳು, ವೇಗದ ಕೀಗಳು ಆಮೇಲೆ. ಏನೋ ಎಡವಟ್ಟಾಯ್ತು ಅಂದ ಕೂಡಲೇ ಕೈ ಎತ್ತಿ, ಒಂದು ಉಸಿರು ತಗೊಂಡು, ಕಂಟ್ರೋಲ್ ಜೆಡ್. ಸೇವ್ ಬೇಡ, ಮುಚ್ಚೋದಂತೂ ಬೇಡ. ಹಿಂದಕ್ಕೆ ಜಾಸ್ತಿ ಹೋದರೆ ಕಂಟ್ರೋಲ್ ವೈ. ಬ್ರೌಸರ್‌ನಲ್ಲಿ ಟ್ಯಾಬ್ ಮುಚ್ಚಿಹೋದರೆ ಕಂಟ್ರೋಲ್, ಶಿಫ್ಟ್, ಟಿ. ಕಾಪಿ ಮಾಡಿದ್ದರ ಮೇಲೆ ಇನ್ನೊಂದು ಕಾಪಿ ಮಾಡಿ ಮೊದಲನೆಯದು ಹೋಯ್ತು ಅಂದರೆ ವಿಂಡೋಸ್ ಕೀ ಜೊತೆ ವಿ. ಅದನ್ನ ಒಂದು ಸಲ ಆನ್ ಮಾಡಿಟ್ಟಿರಬೇಕು ಅಷ್ಟೇ. ಹೊಸ ತಂತ್ರಾಂಶಕ್ಕೆ ಕೂತಾಗ ಮೊದಲ ದಿನವೇ, ಖಾಲಿ ಫೈಲಲ್ಲಿ, ಇದರಲ್ಲಿ ಕಂಟ್ರೋಲ್ ಎ ಏನು ಮಾಡುತ್ತೆ, ಎಸ್ಕೇಪ್ ಏನು ಮಾಡುತ್ತೆ ಅಂತ ಒತ್ತಿ ನೋಡಿ. ವರ್ಡ್, ಎಕ್ಸೆಲ್‌ನಲ್ಲಿ ಆಲ್ಟ್ ಒಂದನ್ನೇ ಒತ್ತಿ ಬಿಟ್ಟರೆ ಮೇಲಿನ ಪಟ್ಟಿಯ ಮೇಲೆಲ್ಲಾ ಸಣ್ಣ ಅಕ್ಷರಗಳು ಮೂಡ್ತವೆ, ಯಾವ ಕೆಲಸಕ್ಕೆ ಯಾವ ಕೀ ಅಂತ ಅದೇ ಹೇಳುತ್ತೆ. ಬಾಯಿಪಾಠದ ಅಗತ್ಯವೇ ಇಲ್ಲ.

ಶಿಫ್ಟನ್ನ ಐದು ಸಲ ಒತ್ತಿದರೆ ಒಂದು ಕಿಟಕಿ ಬಂದು ಕಿರಿಕಿರಿ ಮಾಡುತ್ತಲ್ಲ, ಸ್ಟಿಕಿ ಕೀಸ್ ಅಂತ. ಅದು ತೊಂದರೆ ಕೊಡೋಕೆ ಬಂದಿದ್ದಲ್ಲ. ಒಂದೇ ಕೈಯಲ್ಲಿ ಕೆಲಸ ಮಾಡೋರು ಕಂಟ್ರೋಲ್ ಒತ್ತಿ, ಬಿಟ್ಟು, ಆಮೇಲೆ ಸಿ ಒತ್ತಿದರೂ ಎರಡೂ ಒಟ್ಟಿಗೆ ಒತ್ತಿದ ಹಾಗೆ ಲೆಕ್ಕ ಹಿಡಿಯೋ ಸೌಲಭ್ಯ ಅದು. ನಮ್ಮ ಆಫೀಸಲ್ಲಿ ಒಬ್ಬರು ಕೈ ಮುರ್ಕೊಂಡಾಗ ಆರು ವಾರ ಅದರಲ್ಲೇ ಟ್ಯಾಲಿ ನಡೆಸಿದರು.

ಕಂಟ್ರೋಲ್ ಆಲ್ಟ್ ಡಿಲೀಟ್ ಬಗ್ಗೆ ಹೇಳದಿದ್ದರೆ ಬೈತೀರಿ. ಐಬಿಎಂ ಪಿಸಿ ಬಂದಿದ್ದು 1981ರಲ್ಲಿ. ಅದನ್ನ ರೂಪಿಸುವಾಗ ಯಂತ್ರವನ್ನ ಮತ್ತೆ ಶುರು ಮಾಡೋಕೆ ಡೇವಿಡ್ ಬ್ರಾಡ್ಲಿ ಅನ್ನೋ ಎಂಜಿನಿಯರ್ ಈ ಮೂರು ಕೀ ಜೋಡಿಸಿದರು. ಮೊದಲು ಯೋಚಿಸಿದ್ದು ಕಂಟ್ರೋಲ್, ಆಲ್ಟ್, ಎಸ್ಕೇಪ್. ಅವು ಎಡಗಡೆಯೇ ಇದ್ದು ಕೈ ತಗುಲಿ ಒತ್ತಿಹೋಗಬಹುದು ಅಂತ, ದೂರದ ಡಿಲೀಟ್ ಆರಿಸಿಕೊಂಡರು. ಈಗಿನ ವಿಂಡೋಸ್‌ನಲ್ಲಿ ಇದು ಬೇರೆ ತಂತ್ರಾಂಶಗಳ ಕಿವಿಗೆ ಬೀಳೋದೇ ಇಲ್ಲ, ನೇರ ವಿಂಡೋಸ್‌ಗೇ ಹೋಗುತ್ತೆ. ಎಲ್ಲಾ ಸ್ತಬ್ಧ ಆಗಿರುವಾಗಲೂ ಇದು ಎಷ್ಟೋ ಸಲ ಕೆಲಸ ಮಾಡೋದು ಅದಕ್ಕೇ.

ಮುಂದಿನ ವರ್ಷ ಆ ಸಂಘದ ಪಟ್ಟಿಯನ್ನ ನಾನೇ ಕೂತು ಸರಿ ಮಾಡಿದೆ. ಎಲ್ಲಾ ಕಡೆ ಅರಕಲಗೂಡು, ಒಂದೇ ರೂಪ. ಆ ಹಿರಿಯರಿಗೆ ನೋಟಿಸ್ ಹೋಯ್ತು, ಸಭೆಗೂ ಬಂದರು. ಹಾಜರಿ ಪುಸ್ತಕದಲ್ಲಿ ಊರಿನ ಮೇಲೆ ಬೆರಳಿಟ್ಟು ನೋಡಿ, ತಲೆ ಆಡಿಸಿದರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು, ‘ನಮ್ಮಪ್ಪನ ಹೆಸರಲ್ಲಿ ಒಂದು ಒತ್ತು ಬಿಟ್ಟಿದೀಯಲ್ಲಪ್ಪ’ ಅಂದರು. ಎಫ್ ಕೀ ಒತ್ತೋದು ಬಿಟ್ಟುಹೋಗಿತ್ತು.

ಮುಂದಿನ ವಾರ ಹಳೇ ನುಡಿ ಕಡತಗಳನ್ನ ಯುನಿಕೋಡ್‌ಗೆ ತರೋದು ಹೇಗೆ ಅಂತ ನೋಡೋಣ. ಕಡತದ ನಕಲು ಮಾಡಿ ಇಟ್ಟಿರಿ.